ನಾಲ್ಕು ಪದ ಜಾಸ್ತಿ

ಗಿಣಿಗೆ ಗಿಣಿ ಎಂದು ಹೆಸರಿಟ್ಟವರು ಯಾರೋ, ಇಟ್ಟ ಗಳಿಗೆ ಮಾತ್ರ ಚೆನ್ನಾಗಿತ್ತು. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಎಂ.ಎ.ಗೆ ಸೇರಿದ ಮೂರನೆಯ ದಿನವೇ ಅವಳು ಗ್ರಂಥಪಾಲಕಿಯ ಕೆಮ್ಮನ್ನು ಕೆಮ್ಮಿ ಇಡೀ ವಾಚನಾಲಯದ ಬಾಯಿ ಮುಚ್ಚಿಸಿದ್ದಳು. ಐದನೆಯ ದಿನ ಜೆರಾಕ್ಸ್ ಅಂಗಡಿಯವನ ಎದುರಿಗೇ ನಿಂತು "ಒಂದ್ ಕಡೆನಾ, ಎರಡೂ ಕಡೆನಾ, ಬೇಗ್ ಹೇಳಿ" ಎಂದು ಅವನ ದನಿಯಲ್ಲೇ ಕೇಳಿದಾಗ ಆ ಪುಣ್ಯಾತ್ಮ ಬೆಚ್ಚಿ "ಎರಡೂ ಕಡೆ" ಎಂದುಬಿಟ್ಟಿದ್ದ. ಕಾಪಿ ತೆಗೆಯುವ ಅಂಗಡಿಯವನನ್ನೇ ಕಾಪಿ ಹೊಡೆದ ಹುಡುಗಿ ಎಂದು ಅಂದಿನಿಂದ ಅವಳ ಕೀರ್ತಿ ಹಬ್ಬಿತು.

ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಮಾತು ಕಮ್ಮಿ, ಆಡಿದರೆ ನೆಟ್ಟಗೆ ನಾಟುವಂಥದ್ದು.

"ಸಮೂಹ ಸಂವಹನ ಅಂದ್ರೆ ಏನಮ್ಮಾ ಅದು?" ಎಂದು ಅರ್ಜಿ ತುಂಬುವ ದಿನ ಕೇಳಿದ್ದರು.

"ಎಲ್ಲರ ಹತ್ರಾನೂ ಒಟ್ಟಿಗೆ ಮಾತಾಡೋದು ಅಪ್ಪ."

"ಅದಕ್ಕೆ ಎರಡು ವರ್ಷ ಓದ್ಬೇಕಾ? ನಿಮ್ಮಮ್ಮ ಓದದೇನೇ ಮಾಡ್ತಾಳಲ್ಲ!"

ಅಡುಗೆಮನೆಯಿಂದ ಒಂದು ಸೌಟು ಸಿಂಕಿಗೆ ಬಿದ್ದ ಸದ್ದಾಯಿತು. ಅಪ್ಪ ಅರ್ಜಿಗೆ ಸಹಿ ಹಾಕಿ, ಆ ಕೂಡಲೇ ಯಾವುದೋ ಲಿಫ್ಟ್ ಕೆಟ್ಟಿದೆಯೆಂದು ನೆನಪಾಗಿ ಹೊರಟುಹೋದರು.

ಈಗ ಅದೆಲ್ಲ ಆಗಿ ಎರಡು ವರ್ಷ. ಕೊನೆಯ ಸೆಮಿಸ್ಟರಿನ ಕೊನೆಯ ಪರೀಕ್ಷೆ ಎಂದರೆ ಹದಿನೈದು ನಿಮಿಷದ ಒಂದು ರೇಡಿಯೊ ಸಾಕ್ಷ್ಯಚಿತ್ರ. ಚಿತ್ರವೇ ಇಲ್ಲದ್ದಕ್ಕೆ ಸಾಕ್ಷ್ಯಚಿತ್ರ ಎನ್ನುತ್ತಾರೇಕೆ ಎಂದು ಗಿಣಿ ಮೊದಲ ತರಗತಿಯಲ್ಲೇ ಕೇಳಿ ಬೈಸಿಕೊಂಡಿದ್ದಳು. ಅದನ್ನು ಕೇಳಿ ಅಂಕ ಹಾಕಲು ರೇಡಿಯೊ ಕೇಂದ್ರದಿಂದ ಒಬ್ಬ ನಿರ್ಮಾಪಕಿ ಬರುತ್ತಾರೆ, ಬಂದವರು ಪ್ರತಿವರ್ಷ ಒಬ್ಬರನ್ನು ಮಾತ್ರ ತರಬೇತಿಗೆ ಆರಿಸಿಕೊಂಡು ಹೋಗುತ್ತಾರೆ. ಇಪ್ಪತ್ತೆರಡು ಜನ, ಒಂದೇ ಜಾಗ. ಆರು ವರ್ಷದವಳಿದ್ದಾಗ ಮೇಜಿನ ಕೆಳಗೆ ಕೂತು ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿದು ವಾರ್ತೆ ಓದುತ್ತಿದ್ದ ಗಿಣಿಗೆ ಆ ಜಾಗ ಬೇಕೇ ಬೇಕಿತ್ತು. ಇದೊಂದು ವಿಷಯದಲ್ಲಿ ಮಾತ್ರ ಅವಳು ತಮಾಷೆ ಮಾಡುತ್ತಿರಲಿಲ್ಲ.

ರೇಡಿಯೊ ಕಲಿಸುವವರು ಮೂಲ ಮೇಷ್ಟ್ರು. ಯಾರು ಏನೆಂದರೂ "ಮೂಲ ಯಾವುದು?" ಎಂದು ಕೇಳುವುದು ಅವರ ಅಭ್ಯಾಸ. "ಸರ್, ಹೊರಗೆ ಮಳೆ" ಎಂದರೂ "ಮೂಲ?" ಎನ್ನುವರು, ಒದ್ದೆ ಛತ್ರಿಯನ್ನು ತೋರಿಸಿದರಷ್ಟೇ ನಂಬುವರು. ಸಿಬ್ಬಂದಿ ಕೋಣೆಯಲ್ಲಿ ಅವರ ಕುರ್ಚಿಯ ಮೇಲೆ ಮಾತ್ರ ಮೆತ್ತನೆಯ ದಿಂಬು ಇದ್ದುದರಿಂದ, ಹೆಸರಿನ ಇನ್ನೊಂದು ಅರ್ಥಕ್ಕೂ ಸಾಕ್ಷಿ ಸಿಕ್ಕಿತೆಂದು ವಿದ್ಯಾರ್ಥಿಗಳು ನಗುತ್ತಿದ್ದರು.

ಈ ಮೇಷ್ಟ್ರು ವಿಭಾಗದಲ್ಲಿ ಒಂದು ಕಟ್ಟಳೆ ಮಾಡಿಟ್ಟಿದ್ದರು. ಯಾರ ಮಾತನ್ನು ಧ್ವನಿಮುದ್ರಿಸಿಕೊಂಡಿರುತ್ತೀರೋ ಅವರಿಗೆ ಸಿದ್ಧವಾದ ಕಾರ್ಯಕ್ರಮವನ್ನು ಪೂರ್ತಿ ಕೇಳಿಸಬೇಕು. ಕೇಳಿದ ಮೇಲೆ ಅವರು ಒಂದು ಹಳದಿ ಹಾಳೆಗೆ ಸಹಿ ಹಾಕಬೇಕು. ಹಾಳೆಯಲ್ಲಿ ಎರಡೇ ಸಾಲು: ಪೂರ್ತಿ ಕೇಳಿದ್ದೇನೆ. ಇದು ನನ್ನ ಮಾತು. ಹಳದಿ ಹಾಳೆ ಇಲ್ಲದ ಕಾರ್ಯಕ್ರಮಕ್ಕೆ ಅಂಕವಿಲ್ಲ. "ಜಗತ್ತಿನ ಯಾವ ಪತ್ರಿಕೇನೂ ಇದನ್ನ ಮಾಡಲ್ಲ ಸರ್" ಎಂದು ಯಾರೋ ಗೊಣಗಿದಾಗ ಮೇಷ್ಟ್ರು "ಮೂಲ?" ಎಂದು ಬಾಯಿ ಮುಚ್ಚಿಸಿದ್ದರು.

ಗಿಣಿ ಆರಿಸಿಕೊಂಡದ್ದು ದೊಡ್ಡಮ್ಮನನ್ನು. ದೊಡ್ಡಮ್ಮ ಎಂದರೆ ಅವಳ ಗೆಳತಿ ಕತ್ತರಿಯ ತಾಯಿಯ ಅಕ್ಕ. ಕತ್ತರಿ ಅದೇ ತರಗತಿಯವಳು, ಧ್ವನಿ ಸಂಕಲನದಲ್ಲಿ ಅವಳ ಕೈ ಎಷ್ಟು ಚುರುಕೆಂದರೆ, ಒಬ್ಬ ರಾಜಕಾರಣಿಯ ಅರ್ಧ ಗಂಟೆಯ ಭಾಷಣದಿಂದ "ಅಂದ್ರೆ" ಎಂಬ ಪದ ಕತ್ತರಿಸಿ ಹಾಕಿದ ಮೇಲೆ ಹನ್ನೊಂದು ನಿಮಿಷ ಉಳಿದಿತ್ತಂತೆ. ದೊಡ್ಡಮ್ಮ ಒಂದು ದಿನಪತ್ರಿಕೆಯ ಕಿರು ಜಾಹೀರಾತಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವರು. 'ಕಳೆದಿದೆ', 'ಸಿಕ್ಕಿದೆ' ಎಂಬ ಎರಡು ಕಾಲಂ ಅವರದು. ಕಿರು ಜಾಹೀರಾತಿಗೆ ದೊಡ್ಡಮ್ಮ ಎಂದು ಗಿಣಿ ಕಾರ್ಯಕ್ರಮಕ್ಕೆ ಹೆಸರು ಕೂಡ ಮೊದಲೇ ಹುಡುಕಿಟ್ಟುಕೊಂಡಿದ್ದಳು.

ಆ ಶನಿವಾರ ದೊಡ್ಡಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಬಟಾಣಿ ಸುಲಿಯುತ್ತ ಎರಡು ಗಂಟೆ ಮಾತಾಡಿದರು. ಜಾಹೀರಾತಿಗೆ ಹನ್ನೆರಡೇ ಪದ ಎಂಬುದು ಅವರ ಕೌಂಟರಿನ ನಿಯಮ. ಕಳೆದುಕೊಂಡವರು ಬರುವಾಗ ಮೂರು ಪುಟ ಬರೆದುಕೊಂಡು ಬರುತ್ತಿದ್ದರು, ಇವರು ಪೆನ್ಸಿಲ್ ಹಿಡಿದು ಹನ್ನೆರಡಕ್ಕೆ ಇಳಿಸುತ್ತಿದ್ದರು.

"ಒಬ್ರು ಕೊಡೆ ಕಳ್ಕೊಂಡಿದ್ರು. ಅತ್ತೆ ಕಥೆ, ಮದುವೆ ಕಥೆ, ಮಳೆ ಕಥೆ, ಎಲ್ಲ ಬರೆದಿದ್ರು. ನಾನು ಬರೆದೆ: ಕಪ್ಪು ಕೊಡೆ ಕಳೆದಿದೆ. ಬಾಗಿದ ಹಿಡಿ. ಹೆಂಡತಿ ಕೊಟ್ಟದ್ದು. ದಯವಿಟ್ಟು ಮರಳಿಸಿ. ನಾನು ಮನೆಗೆ ಹೋಗಬೇಕು."

"ಸಿಕ್ತಾ ದೊಡ್ಡಮ್ಮ?"

"ಮಾರನೇ ದಿನ ಏಳು ಕೊಡೆ ಬಂತು. ಅಯ್ಯೋ ಪಾಪ ಅಂತ ಜನ ತಮ್ಮನೇದೇ ತಂದುಕೊಟ್ರು."

'ಸಿಕ್ಕಿದೆ' ಕಾಲಮ್ಮಿಗೆ ಬೇರೆ ಕ್ರಮ. ಸಿಕ್ಕಿದ ವಸ್ತುವಿನ ಒಂದು ಗುರುತನ್ನು ಜಾಹೀರಾತಿನಲ್ಲಿ ಬೇಕೆಂದೇ ಬಿಡುತ್ತಿದ್ದರು. ನಂದು ಎಂದು ಬಂದವರು ಆ ಗುರುತು ಹೇಳಿದರಷ್ಟೇ ವಸ್ತು ಕೈಗೆ.

"ಬಸ್ಸಿನಲ್ಲಿ ಒಂದು ಹಲ್ಲಿನ ಸೆಟ್ ಸಿಕ್ಕಿತ್ತು. ಒಬ್ಬ ಯಜಮಾನ್ರು ಬಂದ್ರು. ಗುರುತು ಹೇಳಿ ಅಂದೆ. ಅವರು ಹೇಳಲಿಲ್ಲ, ಸುಮ್ನೆ ಬಾಯಿ ತೆಗೆದು ತೋರಿಸಿದ್ರು. ಕೊಟ್ಟೆ."

ಗಿಣಿ ನಕ್ಕು ನಕ್ಕು ಸುಲಿದ ಬಟಾಣಿಯನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಬಟಾಣಿಯ ಪಾತ್ರೆಗೂ ಹಾಕಿದಳು. ಬಸ್ಸಿನಲ್ಲಿ ವಾಪಸು ಬರುವಾಗ ನೆಲಕ್ಕೆ ಕಾಲು ತಾಗುತ್ತಿರಲಿಲ್ಲ. ದೊಡ್ಡಮ್ಮನ ಮಾತಿನ ಏರಿಳಿತ, ಪ್ರತಿ ಮಾತಿಗೆ ಮುಂಚೆ ನಾಲಿಗೆಯಿಂದ 'ಟ್ಟ' ಎನ್ನುವುದು, ನಗು ಬಂದರೆ ಮೂಗಿನಲ್ಲೇ ಮುಗಿಸುವುದು, ಎಲ್ಲವನ್ನೂ ಕಿಟಕಿಗೆ ಮುಖ ಮಾಡಿ ಹೇಳಿಕೊಳ್ಳುತ್ತ ಬಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸೀಟು ಆಚೆಗೆ ಹೋಗಿ ಕೂತರು.

ಸೋಮವಾರ ಸಂಕಲನ ಕೋಣೆಯಲ್ಲಿ ಕತ್ತರಿ ರೆಕಾರ್ಡರಿನ ತಂತಿ ಜೋಡಿಸಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಜೋಡಿಸಿದಳು.

"ಲೇ ಗಿಣಿ, ಗುಂಡಿ ಎಷ್ಟು ಸಲ ಒತ್ತಿದ್ದೆ?"

"ಒಂದು ಸಲ. ಕೆಂಪು ದೀಪ ಬಂತಲ್ಲ!"

"ಮಿಣುಕ್ತಿತ್ತಾ, ನಿಂತಿತ್ತಾ?"

ವಿಭಾಗದ ಆ ರೆಕಾರ್ಡರಿನಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ದೀಪ ಮಿಣುಕುತ್ತದೆ. ಅಂದರೆ ಯಂತ್ರ ಕಿವಿ ನಿಮಿರಿಸಿ ಕೂತಿದೆ ಎಂದಷ್ಟೇ ಅರ್ಥ. ಇನ್ನೊಮ್ಮೆ ಒತ್ತಿದರೆ ದೀಪ ನಿಲ್ಲುತ್ತದೆ, ಆಗಲೇ ಅದು ಮುದ್ರಿಸಿಕೊಳ್ಳಲು ತೊಡಗುವುದು. ಮೊದಲ ಸೆಮಿಸ್ಟರಿನ ಮೊದಲ ಪಾಠ ಇದು. ದೊಡ್ಡಮ್ಮನ ಎರಡು ಗಂಟೆಯ ಮಾತಿಗೆ ಆ ದೀಪ ಕಣ್ಣು ಮಿಟುಕಿಸುತ್ತ ಕೂತಿತ್ತು, ಅಷ್ಟೇ.

"ಮತ್ತೆ ಹೋಗಿ ಮಾತಾಡಿಸೋಣ" ಎಂದಳು ಗಿಣಿ.

"ನಿನ್ನೆನೇ ಮಗಳ ಮನೆಗೆ ಹೋದ್ರು ಕಣೇ. ಬರೋದು ಬರೋ ಭಾನುವಾರ. ಗುರುವಾರ ಒಪ್ಪಿಸ್ಬೇಕು, ಸೋಮವಾರ ಮೌಖಿಕ. ಫೋನಲ್ಲಿ ಮಾಡಿದ್ದನ್ನ ಮೇಷ್ಟ್ರು ತಗೊಳ್ಳಲ್ಲ."

"ಮೇಷ್ಟ್ರಿಗೆ ಹೇಳಿದ್ರೆ?"

ಹೋದ ವರ್ಷ ಹೀಗೆಯೇ ಧ್ವನಿಮುದ್ರಿಕೆ ಕಳೆದುಕೊಂಡವನಿಗೆ ಮೇಷ್ಟ್ರು ಮುಂದಿನ ವರ್ಷ ಬಾ ಎಂದಿದ್ದು ಇಬ್ಬರಿಗೂ ಗೊತ್ತಿತ್ತು.

ಗಿಣಿ ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ನಾಲಿಗೆಯಿಂದ 'ಟ್ಟ' ಎಂದಳು. "ಒಬ್ರು ಕೊಡೆ ಕಳ್ಕೊಂಡಿದ್ರು" ಎಂದಳು.

ಕತ್ತರಿ ಬೆಚ್ಚಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ದೊಡ್ಡಮ್ಮ ಇರಲಿಲ್ಲ. "ಬೇಡ ಕಣೇ" ಎಂದಳು. ಅವಳ ದನಿಯಲ್ಲಿ ಬೇಡ ಎಷ್ಟಿತ್ತೋ ಬೆರಗೂ ಅಷ್ಟೇ ಇತ್ತು.

"ಸುಳ್ಳು ಹೇಳ್ತಿಲ್ಲವಲ್ಲ! ಅವರು ಹೇಳಿದ್ದನ್ನೇ ಹೇಳ್ತೀನಿ. ಒಂದಕ್ಷರ ಆಚೀಚೆ ಇಲ್ಲ. ಅವರ ಮಾತು, ನನ್ನ ಗಂಟಲು. ಮನೆ ಅವರದು, ನಾನು ಬಾಡಿಗೆಗೆ ಇದ್ದೀನಿ ಅಂದ್ಕೋ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲು ಕೂತಿತು. ಬುಧವಾರ ಮಧ್ಯಾಹ್ನ ಹಾಸ್ಟೆಲಿನ ಕೋಣೆಯಲ್ಲಿ ಬಟ್ಟೆಯ ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಕೋಟು ಸ್ವೆಟರುಗಳ ನಡುವೆ ಗಿಣಿ ತಲೆ ತೂರಿಸಿದಳು. ಅಲ್ಲಾದರೆ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಸಂದರ್ಶಕಿ ಅವಳೇ, ಸಂದರ್ಶನ ಕೊಡುವವರೂ ಅವಳೇ. ಪ್ರಶ್ನೆ ಕೇಳಿದ ಮೇಲೆ ಒಂದು ಸ್ವೆಟರ್ ಆಚೆ ಸರಿಸಿ ದೊಡ್ಡಮ್ಮನಾಗುತ್ತಿದ್ದಳು. ಕತ್ತರಿ ಮಂಚದ ಮೇಲೆ ಕೂತು, ಸದ್ದಿಗೆಂದು ಬಟಾಣಿ ಸುಲಿಯುತ್ತಿದ್ದಳು.

ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಬಂದಾಗ ಮಾತ್ರ ಗಿಣಿಗೆ ಏನೋ ಕಮ್ಮಿ ಅನ್ನಿಸಿತು. ದೊಡ್ಡಮ್ಮ ಅಂದು ಸಂದರ್ಶನವನ್ನು ಮುಗಿಸಿದ್ದು "ಇನ್ನೇನಿಲ್ಲ, ಟೀ ಕುಡೀತೀಯಾ?" ಎಂದು. ಹದಿನೈದು ನಿಮಿಷದ ಕಾರ್ಯಕ್ರಮ ಟೀಯಲ್ಲಿ ಮುಗಿಯುವುದೆ? ಗಿಣಿ ಒಂದು ಗಳಿಗೆ ಕಣ್ಣು ಮುಚ್ಚಿ, ದೊಡ್ಡಮ್ಮನ ದನಿಯಲ್ಲೇ ತುಂಬು ಭಾರದಿಂದ ಹೇಳಿದಳು:

"ಕಳ್ಕೊಂಡೋರು ಕೌಂಟರಿಗೆ ಬರೋದು ಬರೀ ವಸ್ತು ಸಿಗಲಿ ಅಂತಲ್ಲ ಮಗಳೇ, ತಾವು ಕಳ್ಕೊಂಡಿದ್ದನ್ನ ಯಾರಾದ್ರೂ ಒಬ್ರು ಗಮನ ಕೊಟ್ಟು ಬರ್ಕೊಳ್ಳಲಿ ಅಂತ."

ಕತ್ತರಿಯ ಕೈಯ ಬಟಾಣಿ ನಿಂತಿತು. "ಇದನ್ನ ದೊಡ್ಡಮ್ಮ ಯಾವಾಗ ಹೇಳಿದ್ರು?"

"ಹೇಳ್ತಿದ್ರು. ಇನ್ನೊಂದು ಅರ್ಧ ಗಂಟೆ ಕೂತಿದ್ರೆ ಹೇಳೇ ಹೇಳ್ತಿದ್ರು."

ಗುರುವಾರ ಒಪ್ಪಿಸಿದ ಕಾರ್ಯಕ್ರಮವನ್ನು ಮೂಲ ಮೇಷ್ಟ್ರು ಅಂದೇ ಕೇಳಿದರು. ಶುಕ್ರವಾರ ತರಗತಿಗೆ ಬಂದವರೇ ಬೋರ್ಡಿನ ಮೇಲೆ ಆ ವಾಕ್ಯವನ್ನು ಬರೆದು, ಸೀಮೆಸುಣ್ಣದ ಕೈ ಕೊಡವಿ, "ನೋಡ್ರಪ್ಪಾ, ಮನುಷ್ಯರು ಮಾತಾಡೋದು ಅಂದ್ರೆ ಹೀಗೆ" ಎಂದರು. ಮುಂದಿನ ವರ್ಷದವರಿಗಾಗಿ ಅಚ್ಚಾಗುತ್ತಿದ್ದ ವಿಭಾಗದ ಪರಿಚಯ ಪುಸ್ತಿಕೆಯ ಮೊದಲ ಪುಟಕ್ಕೂ ಅದನ್ನು ಕಳಿಸಿದ್ದೇನೆ ಎಂದರು. ಎರಡು ವರ್ಷದಲ್ಲಿ ಮೊದಲ ಸಲ ಅವರು ಮೂಲ ಕೇಳಲಿಲ್ಲ. ಇಡೀ ತರಗತಿ ಗಿಣಿಯ ಕಡೆ ತಿರುಗಿ ನೋಡಿತು. ಹೊಗಳಿಕೆ ಕೇಳಿ ಹಿಗ್ಗಬೇಕಾದ ಗಿಣಿ, ಇರುವೆ ಕಚ್ಚಿದವಳ ಹಾಗೆ ಬೆಂಚಿನ ಮೇಲೆ ಮಿಸುಕಾಡಿದಳು. ಉಳಿದದ್ದು ಹಳದಿ ಹಾಳೆಯ ಸಹಿ ಒಂದೇ.

ಭಾನುವಾರ ಹನ್ನೊಂದು ಗಂಟೆಗೆ ಇಬ್ಬರೂ ದೊಡ್ಡಮ್ಮನ ಮನೆಯ ಬಾಗಿಲಲ್ಲಿದ್ದರು. ದೊಡ್ಡಮ್ಮ ಪ್ರಯಾಣದ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ. ತಲೆಗೆ ಹೆಡ್‌ಫೋನ್ ಹಾಕಿಸಿಕೊಂಡು, ಕಿವಿ ಮುಚ್ಚಿದವರೆಲ್ಲ ಮಾಡುವಂತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡಲು ಶುರುಮಾಡಿದರು.

"ಅಯ್ಯೋ, ನನ್ನ ದನಿ ಇಷ್ಟು ಗೊಗ್ಗರಾ? ಹ್ಞಾಂ, ಕೊಡೆ... ಹೌದೌದು, ಏಳು ಕೊಡೆ!" ಎಂದು ಮೂಗಿನಲ್ಲಿ ನಕ್ಕರು. ಹಲ್ಲಿನ ಸೆಟ್ಟಿಗೆ ಮೇಜು ತಟ್ಟಿದರು. "ಚೆನ್ನಾಗಿ ಹೇಳಿದ್ದೀನಲ್ಲೇ ನಾನು!" ಎಂದು ತಂಗಿಯ ಮಗಳನ್ನು ನೋಡಿ ಹಿಗ್ಗಿದರು. ಕತ್ತರಿ ಕಿಟಕಿಯ ಹೊರಗೆ ಏನೋ ಮುಖ್ಯವಾದದ್ದು ಇರುವವಳಂತೆ ಅತ್ತ ನೋಡಿದಳು.

ಹದಿನಾಲ್ಕನೆಯ ನಿಮಿಷ ಬಂದಿತು. ದೊಡ್ಡಮ್ಮ ಕೈ ಎತ್ತಿದರು. "ನಿಲ್ಲಿಸು. ಇನ್ನೊಂದು ಸಲ ಹಾಕು."

ಗಿಣಿ ಹಾಕಿದಳು. ದೊಡ್ಡಮ್ಮ ಬೆರಳು ಮಡಚುತ್ತ ಕೇಳಿದರು. ಬಲಗೈ ಮುಗಿಯಿತು, ಎಡಗೈ ಮುಗಿಯಿತು, ಮತ್ತೆ ಬಲಗೈಯೂ ಮುಗಿದು ಎಡಗೈಯ ಒಂದು ಬೆರಳಿಗೆ ಬಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಹದಿನಾರು ಪದ. ನಾಲ್ಕು ಜಾಸ್ತಿ. ಇದು ನಾನಲ್ಲ."

ಕತ್ತರಿ ಹೆಡ್‌ಫೋನಿನ ತಂತಿ ಸುತ್ತತೊಡಗಿದಳು.

"ಒಂದೇ ಉಸಿರಿಗೆ ಹದಿನಾರು ಪದ ನಾನು ಯಾವತ್ತೂ ಆಡಿಲ್ಲ, ನಮ್ಮೆಜಮಾನ್ರಿಗೆ ಬೈಯುವಾಗಲೂ ಇಲ್ಲ. ಅಲ್ದೆ ಮಗಳೇ ಅಂತೆ, ಮಗಳೇ! ಹೆತ್ತ ಮಗಳನ್ನೇ ನಾನು 'ಲೇ' ಅಂತೀನಿ. ಎಲ್ಲಿಂದ ತಂದು ಅಂಟಿಸಿದಿರಿ ಇದನ್ನ?" ದೊಡ್ಡಮ್ಮನಿಗೆ ಕೋಪವೇನೂ ಬಂದಿರಲಿಲ್ಲ. ಕನ್ನಡಕ ಹಾಕಿಕೊಂಡು ಹಳದಿ ಹಾಳೆ ಎಳೆದುಕೊಂಡರು. "ಹೋಗ್ಲಿ ಬಿಡು, ಹುಡುಗ್ರು. ಅದೊಂದನ್ನ ತೆಗೆದುಹಾಕಿ. ಮಿಕ್ಕಿದ್ದೆಲ್ಲ ನಂದೇ. ಪೆನ್ ಕೊಡು, ಸಹಿ ಹಾಕ್ತೀನಿ."

ಕತ್ತರಿ ಪೆನ್ನನ್ನು ಮುಂದೆ ಚಾಚಿಯೇಬಿಟ್ಟಿದ್ದಳು. ಗಿಣಿಗೆ ಅಷ್ಟು ಸಾಕಿತ್ತು. ಒಂದು ವಾಕ್ಯ ತೆಗೆಯಲು ಕತ್ತರಿಗೆ ಅರ್ಧ ನಿಮಿಷ ಬೇಡ. ಆಮೇಲೆ ಸೋಮವಾರ, ನಿರ್ಮಾಪಕಿ, ರೇಡಿಯೊ ಕೇಂದ್ರ. ದೊಡ್ಡಮ್ಮ ಪೆನ್ನಿನ ಮುಚ್ಚಳ ತೆಗೆದು, ಮೊದಲ ಅಕ್ಷರ ಎಲ್ಲಿ ಬರೆಯಬೇಕೆಂದು ಹಾಳೆಯ ಮೇಲೆ ಬೆರಳಾಡಿಸಿದರು. 'ಇದು ನನ್ನ ಮಾತು' ಎಂಬ ಸಾಲನ್ನು ಬಾಯಿಬಿಟ್ಟು ಓದಿದರು.

ಆ ಸಾಲು ಅವರ ಬಾಯಿಂದ ಬಂದದ್ದೇ ಗಿಣಿಗೆ ಕೂತಲ್ಲಿ ಕೂರಲಾಗಲಿಲ್ಲ.

"ದೊಡ್ಡಮ್ಮ, ಹಾಕ್ಬೇಡಿ. ಅದೊಂದೇ ಅಲ್ಲ. ಪೂರ್ತಿ ನಾನೇ."

"ಏನು ಪೂರ್ತಿ?"

"ಮಾತೆಲ್ಲ ನೀವು ಹೇಳಿದ್ದೇ, ದನಿ ಮಾತ್ರ ನಂದು. ಅವತ್ತು ಗುಂಡಿ ಸರಿಯಾಗಿ ಒತ್ತಿರಲಿಲ್ಲ, ಏನೂ ಮುದ್ರಣ ಆಗಿರಲಿಲ್ಲ. ಬೀರು ಒಳಗೆ ನಿಂತ್ಕೊಂಡು ನಾನೇ ನಿಮ್ಮ ಥರ ಮಾತಾಡಿದೆ."

ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿದರು. "ಹೋಗೇ. ಅರವತ್ತೆಂಟು ವರ್ಷದಿಂದ ಕೇಳ್ತಿದ್ದೀನಿ, ನನ್ನ ದನಿ ನನಗೆ ಗೊತ್ತಾಗಲ್ವಾ?"

ಇದೊಂದು ವಿಚಿತ್ರ ಪೇಚು. ತಪ್ಪು ಮಾಡುವುದು ಸುಲಭವಾಗಿತ್ತು, ಒಪ್ಪಿಕೊಂಡರೆ ನಂಬುವವರೇ ಇಲ್ಲ! ಗಿಣಿ ಕತ್ತರಿಯ ಕಡೆ ನೋಡಿದಳು. ಕತ್ತರಿ ಅಳುಮುಖ ಮಾಡಿ ಹೌದೆಂದು ತಲೆಯಾಡಿಸಿದಳು. ದೊಡ್ಡಮ್ಮ ಪೆನ್ನು ಕೆಳಗಿಟ್ಟು, ಕೌಂಟರಿನಲ್ಲಿ ಕೂತವರ ಹಾಗೆ ನೆಟ್ಟಗಾದರು.

"ನಂದು ಅಂತೀಯ. ಸರಿ. ಗುರುತು ಹೇಳು."

ಗಿಣಿ ನಾಲಿಗೆಯಿಂದ 'ಟ್ಟ' ಎಂದಳು. "ನಂದು ಅಂತೀಯ. ಸರಿ. ಗುರುತು ಹೇಳು."

ದೊಡ್ಡಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಹಲ್ಲಿನ ಸೆಟ್ಟಿನ ಯಜಮಾನರೂ ಅಷ್ಟು ಅಗಲ ತೆರೆದಿರಲಾರರು. ಗಿಣಿ ನಿಲ್ಲಿಸದೆ ಕೊಡೆಯ ಕಥೆ ಎತ್ತಿಕೊಂಡಳು, ಏಳು ಕೊಡೆಯ ಹತ್ತಿರ ಮೂಗಿನಲ್ಲಿ ನಕ್ಕಳು. ದೊಡ್ಡಮ್ಮನೂ ತಡೆಯಲಾರದೆ ಅದೇ ಕ್ಷಣಕ್ಕೆ ಮೂಗಿನಲ್ಲಿ ನಕ್ಕರು. ಒಂದೇ ನಗು ಎರಡು ಕಡೆಯಿಂದ ಬಂತು. ಬೆನ್ನು ಹಾಕಿ ನಿಂತಿದ್ದ ಕತ್ತರಿಗೆ ಯಾರು ನಕ್ಕದ್ದೆಂದು ತಿಳಿಯಲಿಲ್ಲ.

"ಅಯ್ಯೋ ನಿನ್ನ!" ಎಂದು ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮುಖ ಬಿಗಿದುಕೊಂಡು, "ಮಾಡಿದ್ದು ತಪ್ಪು ಕಣೇ. ಇನ್ನೊಬ್ಬರ ವಸ್ತು ನಂದು ಅಂತ ಒಯ್ಯೋಕೆ ಬಂದೋರನ್ನ ಮೂವತ್ತೊಂದು ವರ್ಷ ಕೌಂಟರಿಂದ ಎಬ್ಬಿಸಿ ಕಳಿಸಿದ್ದೀನಿ. ನನ್ನದನ್ನೇ ಹೊತ್ಕೊಂಡು ಹೋದೋಳು ನೀನೊಬ್ಳೇ" ಎಂದರು.

"ತಪ್ಪಾಯ್ತು ದೊಡ್ಡಮ್ಮ."

"ನಾಳೆ ನಿಮ್ಮ ಮೇಷ್ಟ್ರ ಹತ್ರ ಏನಂತೀಯ?"

"ನಡೆದಿದ್ದೇ ಹೇಳ್ತೀನಿ. ಮುಂದಿನ ವರ್ಷ ಬಾ ಅಂತಾರೆ." ಆ ದನಿ ಮಾತ್ರ ಯಾರ ಅನುಕರಣೆಯೂ ಆಗಿರಲಿಲ್ಲ.

ದೊಡ್ಡಮ್ಮ ಗೋಡೆ ಗಡಿಯಾರ ನೋಡಿದರು. "ಬರಿಗೈಲಿ ಹೋಗಿ ಬೈಸ್ಕೊಳ್ಳೋದಕ್ಕಿಂತ ಕೈಲೇನಾದ್ರೂ ಹಿಡ್ಕೊಂಡು ಹೋಗಿ ಬೈಸ್ಕೋ. ತೆಗಿ ಆ ಡಬ್ಬ."

ಗಿಣಿ ರೆಕಾರ್ಡರ್ ತೆಗೆದು ಗುಂಡಿಯನ್ನು ಎರಡು ಸಲ ಒತ್ತಿದಳು. ಮೂವರೂ ಬಗ್ಗಿ ನೋಡಿದರು. ದೀಪ ನಿಂತಿತ್ತು.

ಆದರೆ ಆದ ಅನಾಹುತವೆಂದರೆ, ಕಾರ್ಯಕ್ರಮ ಕೇಳಿದ ಮೇಲೆ ದೊಡ್ಡಮ್ಮನಿಗೆ ತಾನು ಹೇಗೆ ಮಾತಾಡುತ್ತೇನೆ ಎಂಬುದು ಗೊತ್ತಾಗಿಬಿಟ್ಟಿತ್ತು! 'ಟ್ಟ' ಎಂಬುದನ್ನು ಬೇಕೆಂದೇ, ಜಾಸ್ತಿ ಒತ್ತಿ ಹೇಳಿದರು. ಮೂಗಿನ ನಗುವನ್ನು ಕಥೆ ಮುಗಿಯುವ ಮುಂಚೆಯೇ ನಕ್ಕರು. ಏಳು ಕೊಡೆ ಹನ್ನೊಂದಾಯಿತು. ಗಿಣಿ ದೊಡ್ಡಮ್ಮನನ್ನು ಅನುಕರಿಸಿದ್ದಳು, ಈಗ ದೊಡ್ಡಮ್ಮ ಗಿಣಿಯ ದೊಡ್ಡಮ್ಮನನ್ನು ಅನುಕರಿಸುತ್ತಿದ್ದರು.

"ದೊಡ್ಡಮ್ಮ, ಕೊಡೆ ಏಳಲ್ವಾ?"

"ಏಳಾ? ಹನ್ನೊಂದು ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ."

"ಚೆನ್ನಾಗಿರೋದು ಬೇಡ. ಏಳೇ ಇರಲಿ."

"ನೋಡಮ್ಮಾ ಯಾರು ಹೇಳ್ತಿದ್ದಾರೆ!" ಎಂದು ದೊಡ್ಡಮ್ಮ ಕತ್ತರಿಗೆ ಕಣ್ಣು ಹೊಡೆದರು. "ಆಮೇಲೆ ಆ ಹದಿನಾರು ಪದದ್ದು? ಅದನ್ನೂ ಹೇಳಿಬಿಡ್ಲಾ? ಈಗ ನಾನೇ ಹೇಳಿದ್ರೆ ನಂದೇ ಆಗುತ್ತಲ್ಲ."

"ಬೇಡ್ವೇ ಬೇಡ."

"ಯಾಕೆ ಬೇಡ? ಮಾತೇನೋ ನಿಜವೇ. ಉದ್ದ ಆಯ್ತು ಅಷ್ಟೇ." ದೊಡ್ಡಮ್ಮನ ಬೆರಳುಗಳು ಮೇಜಿನ ಮೇಲೆ ಇಲ್ಲದ ಪೆನ್ಸಿಲನ್ನು ಹುಡುಕಿದವು. 'ಟ್ಟ' ಎನ್ನಲು ಮರೆತರು. "ಕೌಂಟರಿಗೆ ಬರುವಾಗ ಜನ ನಡುಗ್ತಾ ಬರೋರು. ನಾನು ಬರ್ಕೊಂಡು, ಅವರಿಗೆ ಓದಿ ಹೇಳ್ತಿದ್ದೆ. ಹೋಗುವಾಗ ನಡುಕ ಇರ್ತಿರಲಿಲ್ಲ. ವಸ್ತು ಸಿಕ್ಕಿರ್ತಿರಲಿಲ್ಲ, ಆದ್ರೂ." ಆಮೇಲೆ, ಕಡಿತ ಮುಗಿಸಿದವರ ಹಾಗೆ ಹೇಳಿದರು: "ಬರ್ಕೊಂಡ್ರೆ ಅರ್ಧ ಸಿಕ್ಕ ಹಾಗೆ."

ಗಿಣಿ ಬೆರಳು ಮಡಚಿ ಎಣಿಸಿದಳು. ನಾಲ್ಕು.

ಕತ್ತರಿ ಅದೇ ಮೇಜಿನ ಮೇಲೆ ಸಂಜೆಯವರೆಗೆ ಸಂಕಲನ ಮಾಡಿದಳು. ಹದಿನಾರು ಪದದ ಜಗಳ, ಕೊಡೆಯ ಚೌಕಾಸಿ, ಗಿಣಿ ಮೈಕಿಗೆ ಇನ್ನೊಮ್ಮೆ ಹೇಳಿದ ತಪ್ಪೊಪ್ಪಿಗೆ, ಎಲ್ಲವನ್ನೂ ಇಟ್ಟರು. ದೊಡ್ಡಮ್ಮ ಪೂರ್ತಿ ಕೇಳಿ, 'ಇದು ನನ್ನ ಮಾತು' ಎಂಬಲ್ಲಿ 'ನನ್ನ' ಎಂಬುದಕ್ಕೆ ಗೀಟೆಳೆದು 'ನಮ್ಮಿಬ್ಬರ' ಎಂದು ತಿದ್ದಿ ಸಹಿ ಹಾಕಿದರು.

ಸೋಮವಾರ ಮೌಖಿಕ ಪರೀಕ್ಷೆಯ ಕೋಣೆಯಲ್ಲಿ ದಿಂಬಿನ ಕುರ್ಚಿಯ ಮೇಲೆ ಮೇಷ್ಟ್ರು, ಪಕ್ಕದಲ್ಲಿ ರೇಡಿಯೊ ಕೇಂದ್ರದ ನಿರ್ಮಾಪಕಿ. ಬೆಳ್ಳಿಗೂದಲು, ಕೊರಳಿಗೆ ನೇತಾಡುವ ಕನ್ನಡಕ. ಗಿಣಿ ಕೂರಲಿಲ್ಲ. ನಿಂತೇ, ಒಂದೇ ಓಟಕ್ಕೆ ಎಲ್ಲ ಹೇಳಿದಳು. ಕತ್ತರಿಯ ಹೆಸರು ಬರುವಲ್ಲೆಲ್ಲ "ಒಬ್ಬಳು ಗೆಳತಿ" ಎಂದಳು. ಆ ತರಗತಿಯಲ್ಲಿ ಅಂಥ ಗೆಳತಿ ಒಬ್ಬಳೇ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು, ಅವರು ಮೂಲ ಕೇಳಲಿಲ್ಲ.

ಮೊದಲು ಮಾತಾಡಿದವರು ನಿರ್ಮಾಪಕಿ. "ನಿಮ್ಮ ಮೇಷ್ಟ್ರು ಮೊದಲೇ ಕಳಿಸಿದ್ದನ್ನ ಶನಿವಾರ ಮನೇಲಿ ನಮ್ಮತ್ತೆಗೆ ಕೇಳಿಸಿದೆ. ಅವರು ಕಣ್ಣೀರು ಹಾಕಿದ್ರು. ಈಗ ಅವರಿಗೆ ಏನಂತ ಹೇಳ್ಲಿ?"

ಗಿಣಿ ತಲೆ ತಗ್ಗಿಸಿ, ಹೊಸ ಮುದ್ರಿಕೆಯನ್ನು ಮೇಜಿನ ಮೇಲಿಟ್ಟಳು. ಕೇಳಿದರು. ಏಳೋ ಹನ್ನೊಂದೋ ಎಂಬಲ್ಲಿ ನಿರ್ಮಾಪಕಿ ನಕ್ಕರು. ಕೊನೆಯ ನಾಲ್ಕು ಪದಕ್ಕೆ ನಗಲಿಲ್ಲ, ಕನ್ನಡಕ ಏರಿಸಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮೇಷ್ಟ್ರು ಹಳದಿ ಹಾಳೆಯ ತಿದ್ದುಪಡಿಯನ್ನು ಬಹಳ ಹೊತ್ತು ನೋಡಿದರು. "ತಪ್ಪು ಒಪ್ಪಿಕೊಂಡಿದ್ದಕ್ಕೆ ಅಂಕ ಕೊಡೋ ಕಾಲಂ ನನ್ನ ಹತ್ರ ಇಲ್ಲಮ್ಮಾ. ತಪ್ಪಿಗೆ, ತಡಕ್ಕೆ ಕಳೆಯೋ ಕಾಲಂ ಇದೆ. ಇಪ್ಪತ್ತು ಹೋಯ್ತು."

"ಸರಿ ಸರ್."

"ಆ ವಾಕ್ಯ ಪುಸ್ತಿಕೇಲಿ ಅಚ್ಚಾಗಿ ಬಂದಿದೆ. ಐನೂರು ಪ್ರತಿ." ಅವರು ದಿಂಬಿನ ಮೇಲೆ ಸ್ವಲ್ಪ ಸರಿದು ಕೂತರು. "ಅದಕ್ಕೆ ಇಪ್ಪತ್ತು ನನ್ನದ್ರಲ್ಲಿ ಕಳೀಬೇಕು. ಮೂಲ ಕೇಳಲಿಲ್ಲ ನಾನು. ಮಧ್ಯಾಹ್ನ ಇಬ್ಬರೂ ಕೂತು ತಿದ್ದುಪಡಿ ಚೀಟಿ ಅಂಟಿಸೋಣ."

ನಿರ್ಮಾಪಕಿ ಪುಸ್ತಕ ಮುಚ್ಚಿದರು. "ಮೊದಲನೇದು ಒಂದೇ ಒಂದು ತಪ್ಪಿಲ್ಲದ ಕಾರ್ಯಕ್ರಮ. ಅದನ್ನ ಮಾಡಿದೋಳನ್ನ ನಮ್ಮ ಕೇಂದ್ರಕ್ಕೆ ಸೇರಿಸ್ಕೊಂಡ್ರೆ ನನಗೆ ರಾತ್ರಿ ನಿದ್ದೆ ಬರಲ್ಲ. ಎರಡನೇದು ತುಂಬಾ ತಪ್ಪು ಇರೋದು. ಅದನ್ನ ಮಾಡಿದೋಳು ಬೇಕು. ಇಬ್ಬರೂ ನೀನೇ ಆಗಿರೋದು ನನ್ನ ತಲೆನೋವು." ಕನ್ನಡಕವನ್ನು ಕೊರಳಿಗೆ ಇಳಿಸಿ ಹೇಳಿದರು: "ಹೀಗೆ ಮಾಡೋಣ. ಆ ಜಾಗ ನಿನಗೆ. ಆದ್ರೆ ಮೊದಲ ಮೂರು ತಿಂಗಳು ರ‍ೆಕಾರ್ಡರ್ ಹೊರೋದು, ಗುಂಡಿ ಒತ್ತೋದು, ಬೇರೆಯವರ ಮಾತು ಕೇಳಿಸ್ಕೊಳ್ಳೋದು. ಮೈಕ್ ಇರೋ ಕಡೆ ನೀನು ಬಾಯಿ ತೆರೆಯೋ ಹಾಗಿಲ್ಲ. ಯಾರ ದನೀಲೂ ಇಲ್ಲ, ನಿನ್ನ ದನೀಲೂ ಇಲ್ಲ. ಒಪ್ಪಿಗೆನಾ?"

ಗಿಣಿ "ಒಪ್ಪಿಗೆ" ಎನ್ನಲು ಬಾಯಿ ತೆರೆದಳು. ಮೇಜಿನ ಮೇಲೆ ಮೈಕ್ ಒಂದು ಅವಳ ಕಡೆಗೇ ಮುಖ ಮಾಡಿ ಕೂತಿತ್ತು. ಬಾಯಿ ಮುಚ್ಚಿ, ತಲೆಯನ್ನು ಜೋರಾಗಿ ಮೂರು ಸಲ ಆಡಿಸಿದಳು. ಗಿಣಿ ಬಾಯಿ ಬಿಡದೆ ಉತ್ತರ ಕೊಟ್ಟದ್ದನ್ನು ಮೂಲ ಮೇಷ್ಟ್ರು ಎರಡು ವರ್ಷದಲ್ಲಿ ಅಂದೇ ಕಂಡದ್ದು.

ಹೊರಗೆ ಕಾರಿಡಾರಿನಲ್ಲಿ ಕತ್ತರಿ ಉಗುರು ಕಚ್ಚುತ್ತ ನಿಂತಿದ್ದಳು. "ಏನಾಯ್ತೇ? ಏನಂದ್ರು? ಮಾತಾಡೇ!"

ಬಾಗಿಲ ಪಕ್ಕದ ಗೋಡೆಯ ಮೇಲೆ ಪ್ರಕಟಣೆ ಹೇಳುವ ಹಳೆಯ ಮೈಕ್ ಒಂದಿತ್ತು. ಅದು ಕೆಟ್ಟು ವರ್ಷಗಳಾಗಿದ್ದವು. ಆದರೂ ಯಾಕೆ ಬೇಕೆಂದು ಗಿಣಿ ತುಟಿ ಬಿಗಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಗೆಳತಿಯ ಎರಡೂ ಕೈ ಹಿಡಿದಳು.

"ಅಯ್ಯೋ, ಮಾತೇ ನಿಂತುಹೋಯ್ತಾ ನಿಂಗೆ! ಫೇಲ್ ಮಾಡಿದ್ರಾ? ಅವರ ಮನೆ ಹಾಳಾಗ! ಆ ದಿಂಬಿಗೆ ಮುಳ್ಳು ಚುಚ್ಚಿಡ್ತೀನಿ ನೋಡು! ಏನು ಮಹಾ ಮೇಷ್ಟ್ರು, ಮೂಲ ಅಂತೆ ಮೂಲ..."

ಗಿಣಿ ಕಣ್ಣಲ್ಲೇ ಬೇಡ ಬೇಡ ಎಂದಳು. ಕತ್ತರಿಯ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಮೇಷ್ಟ್ರು ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಪುಸ್ತಿಕೆಗಳ ಕಟ್ಟು, ಇನ್ನೊಂದರಲ್ಲಿ ಅಂಟಿನ ಡಬ್ಬಿ.

"ಆ 'ಒಬ್ಬಳು ಗೆಳತಿ' ನೀನೇ ತಾನೇ?" ಎಂದರು ಮೇಷ್ಟ್ರು. "ಬಾಮ್ಮಾ, ನೀನೂ ಕೂತ್ಕೋ. ಐನೂರು ಚೀಟಿ ಇದೆ, ಕತ್ತರಿಸೋಕೆ ಕೈ ಬೇಕು."